ಕೊರೆಯೋ ಮುಂಚೆ ಗೋಡೆ ತಟ್ಟಿ

ರೀ,

ಫಸ್ಟ್ ಶಿಫ್ಟಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದೀನಿ. ನೈಟ್ ಶಿಫ್ಟ್ ಮುಗಿಸಿ ಬಂದವರು ಮೊದ್ಲು ತಿಂದು ಮಲಗಿ, ಎದ್ದ ಮೇಲೆ ಡ್ರಿಲ್ ಮುಟ್ಟಿ.

ನಿನ್ನೆ ಬಿದ್ದ ತಟ್ಟೆ ಸ್ಟ್ಯಾಂಡ್ ಇವತ್ತು ಹಾಕ್ಬಿಡಿ. ಹಳೇ ತೂತಿಗೆ ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ತಿರುಗಿಸಿದ್ರೆ ನಾನು ಸುಮ್ನಿರಲ್ಲ. ಅಡುಗೆಮನೆ ಗೋಡೆ ಹಾಲೋ ಬ್ಲಾಕು, ಒಳಗೆಲ್ಲ ಪೊಳ್ಳು. ಅಲ್ಲಿ ಸಾದಾ ಪ್ಲಾಸ್ಟಿಕ್ ಪ್ಲಗ್ಗು ಹಿಡಿಯಲ್ಲ. ಒಳಗೆ ಹೋಗಿ ಛತ್ರಿ ಥರ ಬಿಚ್ಕೊಳ್ಳೋ ಪ್ಲಗ್ಗು ಬರುತ್ತೆ, ಹಾರ್ಡ್‌ವೇರ್ ಅಂಗಡೀಲಿ ಕೇಳಿ. ಸಾದಾದನ್ನ ಎಸೀಬೇಡಿ, ಬಚ್ಚಲ ಗೋಡೆ ಗಟ್ಟಿ ಬ್ಲಾಕು, ಕನ್ನಡಿಗೆ ಅದೇ ಸಾಕು.

ಎಲ್ಲಿ ಕೊರೆದ್ರೂ ಮೊದ್ಲು ಗೋಡೆ ತಟ್ಟಿ, ಸದ್ದು ಕೇಳಿ.

ಪೀಣ್ಯದ ರೂಮಲ್ಲಿ ನೀವು ಹೀಗೆ ತಟ್ಟಿದಾಗೆಲ್ಲ, ನಾನೇ ಕರೀತಿದೀನಿ ಅನ್ಕೊಂಡು ಪಕ್ಕದ ರೂಮಿನ ಹೊಳೆವ್ವಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದ್ಬಿಡೋರು. "ಯಾಕ ತಂಗಿ, ಕರದಿ ಏನು?" ಅನ್ನೋರು. ಆಮೇಲೆ ಎಲ್ಲರೂ ಕೂತು ಚಾ ಕುಡಿಯೋದು, ಕನ್ನಡಿ ನೆಲದ ಮೇಲೇ ಉಳಿಯೋದು. ಇದೂ ಒಂದು ಗೋಡೇನಾ ಅಂತ ನೀವು ಗೊಣಗ್ತಿದ್ರಿ.

ಇಲ್ಲಿ ಅತ್ತಿಬೆಲೆಗೆ ಬಂದು ವರ್ಷ ಆಗ್ತಾ ಬಂತು. ಪಕ್ಕದ ಮನೇಲಿ ಯಾರಿದಾರೋ ಇನ್ನೂ ಗೊತ್ತಿಲ್ಲ.

ಸ್ಟ್ಯಾಂಡ್ ಎಲ್ಲಿ ಬರಬೇಕು ಅಂತ ಪೆನ್ಸಿಲಲ್ಲಿ ಗುರುತು ಹಾಕಿದೀನಿ. ಬೆಳಗ್ಗೆ ನಾನೇ ತಟ್ಟಿ ನೋಡ್ದೆ, ಪೊಳ್ಳೇ. ತಟ್ಟಿದ ಮೇಲೆ ಹೋಗಿ ಬಾಗಿಲು ತೆಗೆದು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.