ಇಪ್ಪತ್ತೊಂದು ಕಿಲೋ

ಜನವರಿ 11, 2021. ವಿನಿಪೆಗ್
ಮಗಳು ದಾರ್ಕಾ ಮತ್ತೆ ಹಾಸಿಗೆ ಒದ್ದೆ ಮಾಡಿದಳು. ಏಳು ವರ್ಷದವಳು! ಬಾಯಿ ಬಿಟ್ಟರೆ ನೀರು, ನೀರು. ಕೊರೊನಾ ಅಂತ ಕ್ಲಿನಿಕ್‌ನವರು ಮಕ್ಕಳನ್ನು ಒಳಗೇ ಬಿಡುತ್ತಿಲ್ಲ, ಎಲ್ಲ ಫೋನಿನಲ್ಲೇ. ಒಂಬತ್ತರಿಂದ ಕಾದೆ. ಡಾಕ್ಟರ್ ಪೆನ್ನರ್ ಫೋನ್ ಮಾಡಿದ್ದು ಹನ್ನೆರಡಕ್ಕೆ. ದಾರ್ಕಾ ಆಗಷ್ಟೇ ಹಿತ್ತಲ ಹಿಮದಲ್ಲಿ ಆಡಿ ಬಂದಿದ್ದಳು.
"ತೂಕ ನೋಡಿ ಹೇಳಿ, ಬೇಗ."
"ಇಪ್ಪತ್ತೊಂದು."
"ಅಕ್ಟೋಬರ್‌ನಲ್ಲೂ ಅಷ್ಟೇ ಇದ್ಲು. ಇಳಿದಿಲ್ವಲ್ಲ, ಹಾಗಾಗಿ ಸಕ್ಕರೆ ಕಾಯಿಲೆ ಅಲ್ಲ, ಉರಿಮೂತ್ರ ಇರ್ಬೇಕು. ಜ್ಯೂಸ್ ಚೆನ್ನಾಗಿ ಕುಡಿಸಿ."
ಆರು ನಿಮಿಷ. ಮುಗಿಯಿತು.

ಜನವರಿ 14, ಮಧ್ಯಾಹ್ನ 4
ಐಸಿಯು. ಸಕ್ಕರೆ ಕಾಯಿಲೆಯಂತೆ. ಕಣ್ಣು ಬಿಡುತ್ತಿಲ್ಲ. ಜ್ಯೂಸ್ ಕುಡಿಸಿದ್ದು ನಾನು. ಕುಡಿಸಿ ಅಂದದ್ದು ಅವನು...

ಜನವರಿ 20
ಉಳಿದಳು. ದಿನಕ್ಕೆ ನಾಲ್ಕು ಸೂಜಿ, ಬದುಕಿರುವವರೆಗೆ. ಪೆನ್ನರ್‌ನನ್ನು ಸುಮ್ಮನೆ ಬಿಡುವುದಿಲ್ಲ. ವೈದ್ಯರ ಮಂಡಳಿಗೆ ದೂರು ಬರೆದೆ — ಮೂರು ಪುಟ. ಅವನ ಲೈಸೆನ್ಸ್ ಹೋಗಬೇಕು. ಕ್ಲಿನಿಕ್ ಬೋರ್ಡಿನಿಂದ ಅವನ ಹೆಸರು ಕೆರೆಯುವಾಗ ಎದುರಿಗೇ ಕಾರು ನಿಲ್ಲಿಸಿಕೊಂಡು ನೋಡುತ್ತೇನೆ, ಕಾಫಿ ಹೀರುತ್ತ.
"ಮಗು ಉಳೀತಲ್ಲೇ ಮಾರ್ತಾ, ಬಿಟ್ಬಿಡು" ಅಂದ ಬೋಹ್ದಾನ್. ಇವನು ನನ್ನ ಗಂಡನೋ, ಪೆನ್ನರ್‌ನ ವಕೀಲನೋ!

ಫೆಬ್ರವರಿ 9
ಆಸ್ಪತ್ರೆಯ ಕಾಗದ ಬಂತು. ಸೇರಿಸಿದ ದಿನ ಹದಿನೆಂಟು ಕಿಲೋ. ಮೂರೇ ದಿನದಲ್ಲಿ ಮೂರು ಕಿಲೋ ಹೇಗೆ —
ಸ್ನೋಸೂಟ್. ಅವತ್ತು ಹಿಮದಲ್ಲಿ ಆಡಲು ತೊಟ್ಟಿದ್ದ ದಪ್ಪ ಉಡುಪು; ಜಿಪ್ ಹೆಪ್ಪುಗಟ್ಟಿ ಕೂತಿತ್ತು. ಫೋನಿನಲ್ಲಿ ಪೆನ್ನರ್‌ನ ಅವಸರ. ಬೂಟಿನ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಿಸಿಬಿಟ್ಟೆ.
ಬೋಹ್ದಾನ್‌ಗೆ ಹೇಳಿಲ್ಲ. ಹೇಳುವುದೂ ಇಲ್ಲ. ಪೆನ್ನರ್ ಕ್ಲಿನಿಕ್ ಬಾಗಿಲು ತೆಗೆದು ಒಳಗೆ ಕರೆದಿದ್ದರೆ ಮಗುವಿನ ಎದ್ದು ಕಾಣುವ ಎಲುಬು ಅವನಿಗೇ ಕಾಣುತ್ತಿರಲಿಲ್ಲವೇ? ತಪ್ಪು ಅವನದೇ. ಅವನದೇ.

ಮಾರ್ಚ್ 3
ಮಂಡಳಿಯಿಂದ ಫೋನು. ತನಿಖೆಯ ಹೆಂಗಸು, ಮೆತ್ತಗಿನ ದನಿ.
"ತೂಕ ನೋಡಿದಾಗ ಮಗು ಮೈಮೇಲೆ ಏನಿತ್ತು ಮೇಡಂ?"
"ಸ್ನೋಸೂಟು. ಬೂಟು."
"ಅದನ್ನ ಡಾಕ್ಟ್ರಿಗೆ ಹೇಳಿದ್ರಾ? ಯೋಚ್ನೆ ಮಾಡಿ ಹೇಳಿ. ಹೇಳಿದ್ರೂ ಅವರು ಲಕ್ಷ್ಯ ಕೊಡದೆ ಬಿಟ್ಟಿದ್ರೆ ಅವರ ಲೈಸೆನ್ಸ್ ಉಳಿಯಲ್ಲ."
ಯೋಚಿಸಲಿಲ್ಲ.
"ಹೇಳ್ದೆ. ಪರವಾಗಿಲ್ಲ ಬಿಡಿ ಅಂದ್ರು."
ಫೋನಿಟ್ಟೆ. ಖುಷಿಯಾಯಿತು, ಸುಳ್ಳೇಕೆ. ತಿರುಗಿದರೆ ದಾರ್ಕಾ, ಸೂಜಿ ಚುಚ್ಚಿಸಿಕೊಳ್ಳಲು ಅಂಗಿ ಎತ್ತಿ ಹಿಡಿದು ನಿಂತಿದ್ದಾಳೆ.
"ಅಮ್ಮಾ, ನೀನು ಡಾಕ್ಟ್ರಿಗೆ ಹೇಳ್ಲೇ ಇಲ್ಲ. ಬೂಟು ಬಿಚ್ಲಾ ಅಂತ ನಾನು ಕೇಳ್ದಾಗ, ಬಾಯ್ಮುಚ್ಚು ಅಂದೆ."
ಇವತ್ತೂ ಅವಳಿಗೆ ಅದನ್ನೇ ಅಂದೆ.