ಹೊಸಬರ ದಾರಿ ಕಾದ ನಮ್ಮಕ್ಕ

ಉದ್ಯೋಗ ಇಲಾಖೆಯ ಮಾನ್ಯ ನಿರ್ದೇಶಕರೇ,

ತಮ್ಮ ವರದಿ ಒಬ್ಬ ಹೆಂಗಸಿಗೆ ಆಸೆ ಹುಟ್ಟಿಸಿ ಕೈಕೊಟ್ಟಿದೆ. ರಾಜ್ಯದ ಕಟ್ಟಡ ನಿರ್ವಹಣಾ ಸೇವೆಯಲ್ಲಿ, ಅಂದರೆ ಗುಡಿಸುವ, ಒರೆಸುವ, ನೀರು ಬಿಡುವ ನಮ್ಮಂಥವರ ಕೆಲಸದಲ್ಲಿ, ಹೊಸ ನೇಮಕಾತಿ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೆಂದು ತಾವು ಟೀವಿಯಲ್ಲಿ ನಗುನಗುತ್ತಾ ಹೇಳಿದಿರಿ. ಅದು ‘ಆಶಾದಾಯಕ ಪ್ರವೃತ್ತಿ’ ಎಂದಿರಿ. ಆ ಮಾತು ನಂಬಿ ಕೂತವಳು ನನ್ನ ಅಕ್ಕ. ತಾವು ಕೂರುವ ಕಟ್ಟಡವನ್ನೇ ಗುಡಿಸುವವಳು. ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ನೀರಿನ ಪಂಪು ನೋಡಿಕೊಳ್ಳುವವನು.

ಅಕ್ಕನ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಉಳಿದದ್ದಕ್ಕೆ ಈಗ ಪೊರೆ ಬಂದು ಬಲಿತಿದೆ. ತಡ ಮಾಡಿದರೆ ಅದೂ ಕೈಬಿಡಬಹುದು ಎಂದಿದ್ದಾರೆ ಡಾಕ್ಟರು. ಆಪರೇಷನ್ ಆದಮೇಲೆ ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಧೂಳು ಸೋಕಬಾರದಂತೆ. ಗುಡಿಸುವವಳಿಗೆ ಇಷ್ಟು ಬಿಡು ಎಂದರೆ ಇನ್ನೇನು ಉಳಿಯಿತು ಸ್ವಾಮಿ? ರಜೆ ಒಂದೇ ದಾರಿ. ಅದು ಬೇಕಾದರೆ ಒಂದು ವರ್ಷದ ಸೇವೆ ತುಂಬಿರಬೇಕು ಎನ್ನುತ್ತದೆ ನಮ್ಮನ್ನು ದುಡಿಸುವ ಗುತ್ತಿಗೆ ಕಂಪನಿ. ಅಕ್ಕ ಈ ಕಟ್ಟಡಕ್ಕೆ ಬಂದಾಗ ಅವಳ ಕಂಕುಳಲ್ಲಿ ಮಗಳಿದ್ದಳು. ಈಗ ಆ ಮಗಳ ಕಂಕುಳಲ್ಲೊಂದು ಮಗುವಿದೆ. ಆದರೂ ವರ್ಷ ತುಂಬಿಲ್ಲ! ತುಂಬುವ ಮುಂಚೆಯೇ ಟೆಂಡರು ಬದಲಾಗುತ್ತದಲ್ಲ. ಹಳೇ ಕಂಪನಿ ಎಲ್ಲರನ್ನೂ ಬಿಡಿಸುತ್ತದೆ, ಹೊಸ ಕಂಪನಿ ಅದೇ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ. ಸಮವಸ್ತ್ರದ ಬಣ್ಣ ಮಾತ್ರ ಬೇರೆ. ಪೊರಕೆ ಅದೇ, ಮೆಟ್ಟಿಲು ಅದೇ, ಸೊಂಟನೋವೂ ಅದೇ.

ತಮ್ಮ ಸುದ್ದಿ ಬಂದಾಗ ಅಕ್ಕ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. “ಕೇಳಿದ್ಯೇನೋ? ನಮ್ಮ ಕೆಲಸಕ್ಕೆ ಹೊಸಬರು ಸಾವಿರಗಟ್ಟಲೆ ಬರ್ತಿದ್ದಾರಂತೆ. ಬದಲಿಗೆ ಒಬ್ಳು ಸಿಕ್ಕಿದ್ರೆ ಸಾಕು, ಕಣ್ಣು ಮಾಡಿಸ್ಕೊಂಡು ಬಂದ್ಬಿಡ್ತೀನಿ.”

“ಅವರು ಹೇಳೋದನ್ನೆಲ್ಲ ನಂಬ್ಬೇಡಕ್ಕಾ.”

“ಸುಮ್ನಿರೋ! ಅಷ್ಟು ದೊಡ್ಡ ಸಾಹೇಬ್ರು ಸುಳ್ಳು ಹೇಳ್ತಾರಾ?”

ಮಾರನೇ ದಿನದಿಂದ ಹೊಸಬರ ದಾರಿ ಕಾಯತೊಡಗಿದಳು. ಬಕೆಟ್ಟಿಡುವ ಕೋಣೆಯಲ್ಲಿ ತನ್ನ ಚೀಲ ತೆಗೆದು ಬರುವವಳಿಗೆಂದು ಒಂದು ಮೊಳೆ ಖಾಲಿ ಮಾಡಿದಳು. ಇದ್ದುದರಲ್ಲಿ ಗಟ್ಟಿಯಾದ ಪೊರಕೆ ಎತ್ತಿಟ್ಟಳು. ಕೊನೆಗೆ ತಡೆಯಲಾರದೆ ಸೂಪರ್‌ವೈಸರನ್ನೇ ಕೇಳಿದಳು. ನಾನು ಅಲ್ಲೇ ನಲ್ಲಿ ಬಿಚ್ಚುತ್ತಾ ಕೂತಿದ್ದೆ.

“ಸಾರ್, ಈ ವರ್ಷದ ಹೊಸಬ್ರು ಯಾವತ್ತು ಬರ್ತಾರೆ? ಟೀವೀಲಿ ಹೇಳಿದ್ರಲ್ಲ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ನಿನ್ನ! ಈ ವರ್ಷದ ಹೊಸಬಳು ನೀನೇ ಕಣಮ್ಮಾ. ಹೋದ ವರ್ಷದೋಳೂ ನೀನೇ, ಅದರ ಹಿಂದಿನ ವರ್ಷದೋಳೂ ನೀನೇ!”

ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು ಪಾಪ, ತಾನೊಬ್ಬಳೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಅಂತ. ಅವನನ್ನು ಬೈಯಲಾಗದೆ ನಾನು ನಲ್ಲಿಯನ್ನೇ ಇನ್ನಷ್ಟು ಜೋರಾಗಿ ತಿರುಗಿಸಿದೆ. ನಾನೂ ಈ ವರ್ಷದ ಹೊಸಬನೇ ತಾನೆ?

ಒಬ್ಬಳೇ ಹೆಂಗಸನ್ನು ಮತ್ತೆ ಮತ್ತೆ ಎಣಿಸಿದರೆ ಅದು ಉದ್ಯೋಗ ಬೆಳೆದ ಲೆಕ್ಕವೋ, ಕಣ್ಣಿಗೆ ಮಣ್ಣೆರಚುವ ಲೆಕ್ಕವೋ? ಟೆಂಡರಿನ ಅವಧಿ ಮೊಟಕಾದಷ್ಟೂ ತಮ್ಮ ನೇಮಕಾತಿ ಏರುತ್ತದೆ. ಆರು ತಿಂಗಳಿಗೇ ಕಂಪನಿ ಬದಲಾದ ವರ್ಷ ಅಕ್ಕ ಒಬ್ಬಳೇ ಇಬ್ಬರಾಗಿದ್ದಳು. ವಾರಕ್ಕೊಂದು ಟೆಂಡರು ಕರೆದುಬಿಡಿ, ರಾಜ್ಯದಲ್ಲಿ ನಿರುದ್ಯೋಗದ ಹೆಸರೇ ಇರುವುದಿಲ್ಲ.

ನಾನೇನೂ ಕೈಕಟ್ಟಿ ಕೂರಲಿಲ್ಲ. ಕಂಪನಿಯನ್ನು ಕೇಳಿದೆ, “ಮೊನ್ನೆ ಮೊನ್ನೆ ಸೇರಿದವರಿಗೆ ರಜೆಯೇ?” ಎಂದರು. ತಮ್ಮ ಕಚೇರಿಯಲ್ಲಿ ಕೇಳಿದೆ. “ಅವರು ನಮ್ಮ ನೌಕರರಲ್ಲ” ಎಂದರು. ಅಕ್ಕನ ಬದಲು ನಾನೇ ಗುಡಿಸುತ್ತೇನೆಂದೆ. ಪಂಪಿನವನು ಪೊರಕೆ ಹಿಡಿಯುವಂತಿಲ್ಲವಂತೆ. ಕೆಲಸ ಹೋದರೆ ಹೋಗಲಿ, ಕಣ್ಣು ಮಾಡಿಸಿಕೋ ಎಂದು ಅಕ್ಕನನ್ನೇ ಬೇಡಿಕೊಂಡೆ. “ಕಣ್ಣು ಬಿಟ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತೇನೋ?” ಎಂದಳು.

ಹೋದ ವಾರ ತಮ್ಮ ಕೋಣೆಯ ಮುಂದೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳ ಮಾಪು ತಮ್ಮ ಬೂಟಿನ ಮೇಲೆ ಹರಿಯಿತಲ್ಲ, ಅವಳೇ ನನ್ನ ಅಕ್ಕ. ತಾವು ಸೂಪರ್‌ವೈಸರಿಗೆ ದೂರು ಕೊಟ್ಟಿರಿ. ಮುಂದಿನ ಟೆಂಡರಿನಲ್ಲಿ ಅವಳನ್ನು ಸೇರಿಸಿಕೊಳ್ಳುವುದು ಅನುಮಾನ ಎಂದು ಅವನು ಹೇಳಿದ್ದಾನೆ.

ನನ್ನ ಬೇಡಿಕೆ ಇಷ್ಟೇ. ತಮ್ಮ ವರದಿಯ ಸಾವಿರಾರು ಹೊಸಬರಲ್ಲಿ ನಿಜವಾಗಿ ಕೈಕಾಲು ಇರುವ ಒಬ್ಬರನ್ನು ಒಂದು ತಿಂಗಳ ಮಟ್ಟಿಗೆ ಕಳಿಸಿಕೊಡಿ. ಇಲ್ಲವೇ ಅವಳು ಸವೆಸಿದ ವರ್ಷಗಳನ್ನು ಸೇವೆಯೆಂದು ಒಪ್ಪಿ ರಜೆ ಕೊಡಿಸಿ. ಎರಡೂ ಆಗದಿದ್ದರೆ ಆ ದೂರನ್ನಾದರೂ ವಾಪಸ್ ತೆಗೆದುಕೊಳ್ಳಿ. ಎದುರುತ್ತರ ಕೊಟ್ಟಳು ಎಂದು ದೂರಿದ್ದೀರಂತೆ. ಅವತ್ತು “ಕಣ್ಣು ಕಾಣಲ್ವಾ ನಿಂಗೆ?” ಎಂದು ಗದರಿದವರು ತಾವು. “ಇಲ್ಲ ಸಾಹೇಬ್ರೇ” ಎಂದಳು ಅವಳು. ಕೇಳಿದ್ದಕ್ಕೆ ನಿಜ ಹೇಳಿದಳು, ಅಷ್ಟೇ.

ಇಂತಿ,
ತಮ್ಮ ನೆಲಮಾಳಿಗೆಯ
ತಲೆ ನರೆತ ಹೊಸಬ