ಸ್ಕ್ರೀನಿನ ಕೆಳಗೆ ಜಾರಿದ ಬಟನ್

ಮಾರ್ಚ್ ೩, ಸೋಮವಾರ

ಮತ್ತೆ ಅದೇ ವಿಂಡೋ. ಬಟ್ಟೆ ಒಗೆಯುವ ಕಾರ್ಖಾನೆಗೆ ನಾವು ಮಾಡಿಕೊಟ್ಟ ಪ್ರೋಗ್ರಾಮಿನಲ್ಲಿ ಅಪಘಾತದ ವರದಿ ಬರೆಯುವ ಜಾಗ. ಕೆಲಸಗಾರರು ಟೈಮ್ ಆಫೀಸಿನ ಕಂಪ್ಯೂಟರಿನ ಮುಂದೆ ಕೂತು ತಾವೇ ಟೈಪ್ ಮಾಡಬೇಕು. ಮೂರೇ ಸಾಲು. ನಾಲ್ಕನೆಯದು ಹಿಡಿಸುವುದಿಲ್ಲ. ಕಾರ್ಖಾನೆಯ ನಿಯಮಾವಳಿ ನಲವತ್ತು ಪುಟ. ಸುಟ್ಟುಕೊಂಡವರಿಗೆ ಮೂರು ಸಾಲು.

ನಮ್ಮ ಕಂಪನಿಯ ಯಜಮಾನರಿಗೆ ಹೇಳಿದೆ — ಬರೆದಷ್ಟೂ ವಿಂಡೋ ತಾನೇ ಬೆಳೆಯಬೇಕು.

“ಬೆಳೆದ್ರೆ ಬರೀತಾನೇ ಇರ್ತಾರಮ್ಮ.”

“ಬರೀಲಿ ಅಂತಾನೇ ಸಾರ್.”

ಕನ್ನಡಕ ಒರೆಸಿಕೊಂಡರು. ಒಪ್ಪಿಗೆ ಅಂದುಕೊಂಡೆ.

ಮಾರ್ಚ್ ೪

ಆಯಿತು. ಒಂದೊಂದು ಸಾಲಿಗೂ ವಿಂಡೋ ಕೆಳಕ್ಕೆ ಬೆಳೆಯುತ್ತದೆ. ‘ಕಳಿಸಿ’ ಬಟನ್ ಜೊತೆಗೇ ಇಳಿಯುತ್ತದೆ. ಹತ್ತು ಸಾಲು ಹಾಕಿ ನೋಡಿದೆ. ನನ್ನ ಮೇಜಿನ ದೊಡ್ಡ ಸ್ಕ್ರೀನಿನಲ್ಲಿ ಏನು ಗತ್ತು ಅದಕ್ಕೆ. ಕಾರ್ಖಾನೆಗೆ ಅಪ್‌ಡೇಟ್ ಕಳಿಸಿದೆ.

ಹಿಂದೆ ಕಾರ್ಮಿಕರ ಮೆರವಣಿಗೆಯಲ್ಲಿ ಕೂಗಿ ಬಂದ ದಿನ ಗಂಟಲಲ್ಲಿ ಒಂದು ಉರಿ ಇರುತ್ತಿತ್ತಲ್ಲ... ಅಂಥದ್ದೇ ಇವತ್ತು. ಗೆದ್ದೆ ಅಂತ ಬರೆಯಬೇಕು ಅನ್ನಿಸಿತು. ಗೆದ್ದೆ.

ಮಾರ್ಚ್ ೧೦, ಸೋಮವಾರ

ಐದು ದಿನ ಈ ಡೈರಿ ಮುಟ್ಟಿರಲಿಲ್ಲ. ಇವತ್ತು ಬರೆಯಲೇಬೇಕು.

ಹನ್ನೊಂದಕ್ಕೆ ಫೋನ್. ಕಾರ್ಖಾನೆಯಲ್ಲಿ ಆವಿ ಇಸ್ತ್ರಿಯ ಯಂತ್ರ ನಡೆಸುವವಳು. ಪ್ರೋಗ್ರಾಮಿನ ಮೂಲೆಯಲ್ಲಿದ್ದ ನಮ್ಮ ನಂಬರ್ ಹುಡುಕಿ ಮಾಡಿದ್ದಾಳೆ. ಹೋದ ಬುಧವಾರ ಅವಳ ಪಕ್ಕದವಳ ಬಲಗೈ ಯಂತ್ರಕ್ಕೆ ಸಿಕ್ಕಿತು. ಕೈ ಒಳಗೆ ಹೋಗದಂತೆ ತಡೆಯುವ ಕಂಬಿಯನ್ನು ಮೇಸ್ತ್ರಿಯೇ ಬಿಚ್ಚಿಸಿದ್ದ, ಕೆಲಸ ಬೇಗ ಸಾಗಲಿ ಅಂತ. ಕಣ್ಣಾರೆ ಕಂಡವಳು ಇವಳೊಬ್ಬಳೇ. ಕಾರ್ಖಾನೆಯ ನಿಯಮದಂತೆ ಏಳು ದಿನದೊಳಗೆ ಸಾಕ್ಷಿ ಬರೆದು ಕಳಿಸಬೇಕು. ಈ ಬುಧವಾರ ಐದು ಗಂಟೆ ಕಡೆ. ತಪ್ಪಿದರೆ ಮೇಸ್ತ್ರಿ ಬರೆದ ಸಾಲೊಂದೇ ಉಳಿಯುತ್ತದೆ: ಕೆಲಸಗಾರ್ತಿಯ ಅಜಾಗರೂಕತೆ. ಆಮೇಲೆ ಆ ಹೆಣ್ಣಿಗೆ ಕೈಯೂ ಇಲ್ಲ, ಕೆಲಸವೂ ಇಲ್ಲ.

“ಶನಿವಾರ ಊಟದ ಹೊತ್ತಲ್ಲಿ ಕೂತು ಬರೆದೆ ಮೇಡಂ, ಎರಡೇ ಬೆರಳಲ್ಲಿ. ಇಪ್ಪತ್ತೈದು ಸಾಲು. ಕಳಿಸೋಣ ಅಂದ್ರೆ ಬಟನ್ನೇ ಇಲ್ಲ.”

“ಕೆಳಗಡೆ ಇರುತ್ತೆ ನೋಡಿ.”

“ಕೆಳಗಡೆ ಮೇಜಿದೆ.”

ವಿಂಡೋ ಬೆಳೆದು ಬೆಳೆದು ಸ್ಕ್ರೀನ್ ದಾಟಿದೆ. ಬಟನ್ ಆಚೆ ಹೋಗಿದೆ.

“ಎಳೆದು ನೋಡಿದ್ರಾ?”

“ಎಳೆದೆ, ತಳ್ಳಿದೆ, ಬೈದೂ ನೋಡಿದೆ. ಅಷ್ಟರಲ್ಲಿ ಊಟದ ಗಂಟೆ ಮುಗೀತು, ಎಬ್ಬಿಸಿದ್ರು. ಬರೆದದ್ದೆಲ್ಲ ಹೋಯ್ತು.” ಮತ್ತೆ ಅವಳೇ ಅಂದಳು: “ಮೊದ್ಲು ಮೂರು ಸಾಲಾದ್ರೂ ಹೋಗ್ತಿತ್ತಂತೆ.”

ಸಂಜೆ ಬಸ್ ಓಡಿಸಿ ಬಂದ ಗಂಡನಿಗೆ ಹೇಳಿದೆ. ಕಾಲುಚೀಲ ಬಿಚ್ಚುತ್ತ ಒಂದೇ ಪ್ರಶ್ನೆ.

“ಅಲ್ಲಿರೋ ಸ್ಕ್ರೀನ್ ಎಷ್ಟು ದೊಡ್ಡದು? ನೋಡಿದ್ಯಾ?”

ನೋಡಿಲ್ಲ.

“ಬಸ್ಸಿನ ಬಾಗಿಲು ದೊಡ್ಡದು ಮಾಡ್ದೆ. ಮೆಟ್ಟಿಲು ನಾಲ್ಕಡಿ ಮೇಲಿಟ್ಟೆ. ಹತ್ತೋಳು ಹೇಗೆ ಹತ್ತಬೇಕು ತಾಯಿ?”



ಮಾರ್ಚ್ ೧೧

ಯಜಮಾನರು ಕರೆದರು. “ಕಾರ್ಖಾನೆಯೋರು ಫೋನ್ ಮಾಡಿದ್ರು. ಹಳೇ ಮೂರು ಸಾಲೇ ವಾಪಸ್ ಹಾಕ್ಬೇಕಂತೆ. ನಿನ್ನಿಂದಾನೇ ಗೊತ್ತಾಯ್ತಲ್ಲ, ಉದ್ದ ಆದ್ರೆ ಕೆಡುತ್ತೆ ಅಂತ.”

ನನ್ನ ತಪ್ಪನ್ನೇ ದೊಣ್ಣೆ ಮಾಡಿಕೊಂಡು ಇಸ್ತ್ರಿಯವಳ ತಲೆಗೆ ಬೀಸುತ್ತಿದ್ದಾರೆ.

“ಕೆಟ್ಟಿದ್ದು ನನ್ನ ಅಳತೆ ಸಾರ್. ಅವರ ಮಾತಲ್ಲ.”

“ಭಾಷಣ ಬೇಡ.”

“ಸರಿ ಮಾಡ್ತೀನಿ. ನಾಳೆ ನಾನೇ ಹೋಗಿ ಹಾಕಿ ಬರ್ತೀನಿ.”

“ಹೋಗೋದಾದ್ರೆ ರಜೆ ಬರೆದು ಹೋಗು.” ಹಾಕಬೇಡ ಅನ್ನಲಿಲ್ಲ. ಅಷ್ಟು ಸಾಕು.

ವಿಂಡೋಗೆ ಹೇಳಿಕೊಡಬೇಕಾದದ್ದು ಇಷ್ಟೇ — ಮೊದಲು ಸ್ಕ್ರೀನಿನ ಎತ್ತರ ಕೇಳು. ಅಲ್ಲಿವರೆಗೆ ಬೆಳೆ. ಆಮೇಲೆ ನಿಲ್ಲು, ಬರಹ ಒಳಗೇ ಮೇಲಕ್ಕೆ ಸರಿಯಲಿ. ಬಟನ್ ತಳದಲ್ಲಿ ಕದಲದೆ ಇರಲಿ. ಹೇಳಲು ಸುಲಭ. ಬರಹ ಸರಿಸುವ ಪಟ್ಟಿ ಪಕ್ಕದಲ್ಲಿ ಬಂದೊಡನೆ ಅಗಲ ಕುಗ್ಗಿತು, ಸಾಲು ಹೆಚ್ಚಿತು; ಪಟ್ಟಿ ಹೋದರೆ ಸಾಲು ಕಡಿಮೆ; ಮತ್ತೆ ಬಂತು, ಮತ್ತೆ ಹೋಯಿತು. ವಿಂಡೋ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಪಟ್ಟಿಗೆ ಮೊದಲೇ ಜಾಗ ಬಿಟ್ಟಿಟ್ಟ ಮೇಲೆ ಸುಮ್ಮನಾಯಿತು. ನಾನು ಆಗಲಿಲ್ಲ.

ಮಾರ್ಚ್ ೧೨, ಬುಧವಾರ, ಮಧ್ಯಾಹ್ನ ೩.೧೦

ಟೈಮ್ ಆಫೀಸ್. ಪೆನ್‌ಡ್ರೈವಿನಿಂದ ಹಾಕಿದ್ದಾಯಿತು. ಸ್ಕ್ರೀನ್ ಊಟದ ತಟ್ಟೆಗಿಂತ ಕೊಂಚ ದೊಡ್ಡದು. ಇಷ್ಟು ವರ್ಷ ಬೀದಿಯಲ್ಲಿ ನಿಂತು ಇವರ ಪರವಾಗಿ ಕೂಗಿದವಳು ನಾನು. ಇವರು ಕೂರುವ ಕುರ್ಚಿಯಲ್ಲಿ ಒಂದು ಸಲ ಕೂತು ನೋಡಿರಲಿಲ್ಲ. ಥೂ.

ಇಸ್ತ್ರಿಯವಳು ಅರ್ಧ ದಿನ ರಜೆ ಹಾಕಿ ಬಂದಳು. ನನಗಿಂತ ದೊಡ್ಡವಳು. ಮೊಣಕೈವರೆಗೆ ಹಳೆಯ ಸುಟ್ಟ ಕಲೆ.

“ನೀವೇನಾ ಬಟನ್ ಮೇಡಂ?”

“ಹೂಂ ಅಕ್ಕ. ನೀವು ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ.”

“ಬೇಡ. ಹೊರಗಿನೋರು ಬರೆಸಿದ್ದು ಅಂತಾನೆ ಮೇಸ್ತ್ರಿ.”

ಎರಡು ಬೆರಳು. ಮೊದಲಿಂದ.

೪.೦೦

ಹದಿನಾಲ್ಕನೆಯ ಸಾಲಿಗೆ ವಿಂಡೋ ತಳ ಮುಟ್ಟಿತು. ನಿಂತಿತು. ಬಟನ್ ಇದೆ. ಅವಳು ಬೆರಳಲ್ಲಿ ಗಾಜು ಮುಟ್ಟಿ ನೋಡಿದಳು. “ಇದೆ.” ಮತ್ತೆ ಬರೆಯತೊಡಗಿದಳು.

ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ. “ಏನಕ್ಕಾ, ಕಾದಂಬರಿನಾ?”

ಅವಳು ತಿರುಗಲಿಲ್ಲ. “ನೀನೂ ಇದೀಯಾ ಇದ್ರಲ್ಲಿ. ತಡಿ.”

೪.೫೦

ಮೂವತ್ತೊಂದು ಸಾಲು. “ಅಕ್ಕ, ಸಾಕು, ಕಳಿಸಿ.”

“ಅವಳು ಕೂಗಿದ್ದು ಬರೀಲಿಲ್ಲ ಇನ್ನೂ. ಮೂರು ಸಲ ಕೂಗಿದ್ಲು. ಯಂತ್ರ ನಿಲ್ಸಿ ಅಂತ.”

ಮೂರು ಸಲವೂ ಬರೆದಳು. ಬೇರೆ ಬೇರೆ ಸಾಲಿನಲ್ಲಿ.

೪.೫೬

ಕೊನೆಗೆ ‘ಸಾಕ್ಷಿಯ ಹೆಸರು’ ಅನ್ನುವ ಜಾಗ. ಅವಳ ಬೆರಳು ನಿಂತಿತು.

“ಹಾಕಲೇಬೇಕಾ?”

ಹಾಕಲೇಬೇಕು. ಹಾಕದೆ ಬಟನ್ ಒತ್ತಲು ಬರುವುದಿಲ್ಲ. ಆ ನಿಯಮವನ್ನು ಬರೆದದ್ದೂ ನಾನೇ, ತಂಪು ಕೋಣೆಯಲ್ಲಿ ಕೂತು. ಹೌದೆಂದು ತಲೆ ಆಡಿಸಿದೆ.

ಮೇಸ್ತ್ರಿ ಕೈ ಕಟ್ಟಿ ನೋಡುತ್ತಿದ್ದಾನೆ. ನಾಳೆ ಬೆಳಿಗ್ಗೆ ಅವನ ಕೈಕೆಳಗೇ ಅವಳ ಕೆಲಸ. ನಾನು ನನ್ನ ಮೇಜಿಗೆ ಹೋಗುತ್ತೇನೆ.

ಸೆರಗಿಗೆ ಕೈ ಒರೆಸಿಕೊಂಡಳು. “ಕಂಡೋಳು ನಾನು ತಾನೇ.”

ಮೊದಲ ಅಕ್ಷರ ಬಿತ್ತು. ಎರಡನೆಯದು. ಮೇಸ್ತ್ರಿ ಒಳಗೆ ಕಾಲಿಟ್ಟ. ಪೆನ್ನು ಇಡುತ್ತೇನೆ, ಎದ್ದು ಅವಳ ಬೆನ್ನ ಹಿಂದೆ ನಿಲ್ಲಬೇಕು.